ಮಾಫ್ ಅಲ್ರೀ, ಅಮಾನತು

ನಾನು ಗೋಪಮ್ಮ. ದೇವದುರ್ಗ ತಾಲೂಕಿನ ಮಸರಕಲ್ ನಮ್ಮೂರು. ಮೊದಲ ಒಂದು ಮಾತು ಹೇಳಿಬಿಡ್ತೀನಿ. ಈ ಕಥಿಯೊಳಗ ನನ್ನ ಮಗಳು ನಾಗವೇಣಿನ್ನ ನಾನು ಭಾಳ ಹೊಗಳತೀನಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರೇನು? ಅನ್ರಿ. ಪೂರಾ ಕೇಳಿದ ಮ್ಯಾಲ ನೀವೂ ಹೊಗಳತೀರಿ.

ಕಾಲುವಿ ನೀರಿನ ಜಗಳ ನಮ್ಮ ಕಡಿ ಹೊಸಾದಲ್ಲ. ಮ್ಯಾಲಿನ ಹೊಲದವರಿಗೆ ನೀರು ಎಷ್ಟಿದ್ರೂ ಸಾಲಂಗಿಲ್ಲ, ಕೆಳಗಿನ ಹೊಲದವರಿಗೆ ನೀರು ಮುಟ್ಟಂಗಿಲ್ಲ. ನಾಕು ವರ್ಷದ ಹಿಂದ ನಮ್ಮೂರ ವಿರೂಪಣ್ಣಾರ ಮಗ ಚನ್ನವೀರಗೂ, ಬಾಜೂ ಹೊಲದ ಜಂಬಣ್ಣಗೂ ತೂಬಿನ ಹತ್ರ ಮಾತಿಗೆ ಮಾತು ಬೆಳೀತು. ಚನ್ನವೀರ ಸಿಟ್ಟಿನ್ಯಾಗ ಸಲಿಕಿ ಎತ್ತಿ ಜಂಬಣ್ಣನ ತೋಳಿಗೆ ಹೊಡದುಬಿಟ್ಟ. ಏಳು ಹೊಲಿಗಿ ಬಿದ್ವು. ಪೊಲೀಸ್ ಕೇಸ್ ಆತು. ಚನ್ನವೀರಗ ಜಾಮೀನು ಸಿಕ್ತು, ಆದ್ರ ದೇವದುರ್ಗ ಕೋರ್ಟಿಗೆ ತಾರೀಖಿನ ಮ್ಯಾಲ ತಾರೀಖು ತಿರುಗಿ ತಿರುಗಿ ಅವನ ಚಪ್ಪಲಿ ಸವದ್ವು.

ಹೋದ ವರ್ಷ ಒಂದು ಸೋಮವಾರ ತೀರ್ಪು ಬಂತು. ಅವತ್ತು ಇಡೀ ಊರು ಅಂದ್ಕೊಂಡಿತ್ತು, ಹುಡುಗ ಜೈಲಿಗೆ ಹೋದ ಅಂತ. ಸಂಜಿಮುಂದ ನೋಡಿದ್ರ ಚನ್ನವೀರ ಬಸ್ಸಿಂದ ಇಳದು ನೆಟ್ಟಗ ಮನಿಗೆ ಬಂದ! ಅವರಪ್ಪ ವಿರೂಪಣ್ಣಾರು ಕಟ್ಟಿ ಮ್ಯಾಗ ನಿಂತು ಊರಿಗೆಲ್ಲಾ ಕೇಳಂಗ ಅಂದ್ರು:

"ಶಿಕ್ಷೆ ಅಮಾನತು ಆತು! ಕೇಸ್ ಮುಗೀತು! ಬರ್ರಿ, ಪೇಡಾ ತಿನ್ನರಿ!"

ನಾನೂ ಹೋಗಿ ಎರಡು ಪೇಡಾ ತಿಂದು ಬಂದೆ. ಸುಳ್ಳು ಯಾಕ ಹೇಳಲಿ? ಅಮಾನತು ಅಂದ್ರ ಏನಂತ ನನಗೂ ಗೊತ್ತಿರಲಿಲ್ಲ.

ಕೂಸು ಹುಟ್ಟೂಕ ಮುಂಚೆ ಕುಲಾವಿ ಹೊಲದಂಗ ಆಗಿತ್ತು ಅದು.

ಇಪ್ಪತ್ತಾರು ದಿನ ಕಳೀತು. ಶನಿವಾರ. ನಮ್ಮ ಹೆಣ್ಮಕ್ಕಳ ಸಂಘದ ಸಭಾ ಆ ವಾರ ವಿರೂಪಣ್ಣಾರ ಮನಿ ಪಡಸಾಲಿಯೊಳಗ ಇತ್ತು. ಅವರ ಹೆಂಡ್ತಿ ಅನ್ನಮ್ಮಕ್ಕ ನಮ್ಮ ಸಂಘದಾಕಿ. ನನ್ನ ಮಗಳು ನಾಗವೇಣಿ ರಾಯಚೂರಿಂದ ಬಂದಿದ್ಲು. ಆಕಿ ಬಿ.ಎ. ಓದ್ಯಾಳ, ಕಾನೂನು ಸೇವಾ ಪ್ರಾಧಿಕಾರದಾಗ ತರಬೇತಿ ತಗೊಂಡು ಸ್ವಯಂಸೇವಕಿ ಆಗ್ಯಾಳ. ವಕೀಲಕಿ ಅಲ್ಲ. ಆದ್ರ ಯಾರಿಗೆ ಕಾಯ್ದೆದ ಸಹಾಯ ಬೇಕೋ ಅವರನ್ನ ಸರಿಯಾದ ಬಾಗಿಲಿಗೆ ಮುಟ್ಟಸ್ತಾಳ. ಅವತ್ತು ಸಂಘದಾಗ ನಾಕು ಮಾತು ಹೇಳಾಕ ಬಂದಿದ್ಲು.

ಆಕಿ ಮಾತು ಮುಗಿಸಿ ಚಾ ಕುಡಿಯಾಕತ್ತಿದ್ಲು. ಅನ್ನಮ್ಮಕ್ಕ ಖುಷಿಲೆ ಅಂದ್ಲು, "ನಮಗಂತೂ ಕೋರ್ಟಿನ ಕಾಟ ತಪ್ಪಿತು ನೋಡವ್ವಾ. ಶಿಕ್ಷೆ ಅಮಾನತು ಆತು. ಚನ್ನವೀರ ಈಗ ಮಾನವಿಯೊಳಗ ತನ್ನ ಸೋದರಮಾವನ ರೈಸ್ ಮಿಲ್ಲಿನ್ಯಾಗ ಅದಾನ. ಮಂಗಳವಾರ ಮಿಲ್ಲಿನ ಲಾರಿ ಕೂಡ ಹೈದರಾಬಾದ್ ಕಡಿ ಹೊಂಟಾನ. ಎರಡು ತಿಂಗಳು ಬರಂಗಿಲ್ಲ."

ನಾಗವೇಣಿ ಕಪ್ಪು ಕೆಳಗ ಇಟ್ಲು. "ಅಮಾನತು ಆತಾ? ಅಪೀಲು ಹಾಕಿದ್ರೇನ್ರೀ?"

"ಅಪೀಲು ಯಾಕ ಬೇ? ಮುಗದದ್ದಕ್ಕ?"

"ಅನ್ನಮ್ಮಕ್ಕಾ, ತೀರ್ಪಿನ ಕಾಗದ ಎಲ್ಲದ?"

ಕಾಗದ ಎಲ್ಲಿತ್ತು ಗೊತ್ತೇನು? ದೇವರ ಜಗಲಿ ಮ್ಯಾಗ! ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಹೂವು ಏರಿಸಿದ್ರು. ಓದಿದವರು ಮಾತ್ರ ಒಬ್ಬರೂ ಇಲ್ಲ.

ನಾಗವೇಣಿ ವಿಭೂತಿ ಝಾಡಿಸಿ ಓದಾಕತ್ತಿದ್ಲು. ಓದ್ತಾ ಓದ್ತಾ ಆಕಿ ಮಾರಿ ಬದಲಾತು. "ವಿರೂಪಣ್ಣಾರನ್ನ ಕರೀರಿ" ಅಂದ್ಲು.

ವಿರೂಪಣ್ಣಾರು ಒಳಗಿಂದ ಬಂದ್ರು. ಭಾಳ ಮಾನದ ಮನಷ್ಯಾ. ಮೀಸಿ ತಿರುವಿಕೊಂತನ ಬಂದ್ರು.

"ಯಪ್ಪಾರ, ಚನ್ನವೀರಣ್ಣಗ ಒಂದು ವರ್ಷ ಸಜಾ, ಮ್ಯಾಲ ದಂಡ ಆಗೇದ" ಅಂದ್ಲು ನಾಗವೇಣಿ.

"ಆಗಿತ್ತವ್ವಾ. ಆಮ್ಯಾಲ ಅಮಾನತು ಮಾಡಿದ್ರು."

"ಅಮಾನತು ಅಂದ್ರ ಏನಂತ ತಿಳದೀರಿ?"

ವಿರೂಪಣ್ಣಾರು ನಕ್ಕರು. "ನನಗ ಕೇಳ್ತೀಯೇನು? ದಿನಾ ಪೇಪರ್ ಓದ್ತೀನಿ ನಾನು. 'ಅಧಿಕಾರಿ ಅಮಾನತು' ಅಂತ ಬರತದಿಲ್ಲ? ಅಂದ್ರ ಅವನ್ನ ಮನಿಗೆ ಕಳಿಸಿದ್ರು ಅಂತ. ಹಂಗ ಶಿಕ್ಷೆನೂ ಮನಿಗೆ ಕಳಿಸ್ಯಾರ. ಹೋತು ಅದು!"

ಖರೇ ಹೇಳ್ತೀನಿ, ನನಗೂ ಆ ಮಾತು ಸರಿ ಅನಿಸ್ತು. ಎಲ್ಲಾ ಹೆಣ್ಮಕ್ಕಳೂ ಹೌದಂತ ತಲಿ ಆಡಿಸಿದ್ರು.

ನನ್ನ ಮಗಳು ಬಿಡಲಿಲ್ಲ. "ಯಪ್ಪಾರ, ನೀವು ಹೇಳಿದಂಗ ಅಮಾನತಾದ ಅಧಿಕಾರಿ ಒಬ್ಬರನ್ನ ನಾವೆಲ್ಲಾ ಬಲ್ಲಿವಿ. ಯಾವೂರು ಅಂತ ಹೇಳೂದು ಬ್ಯಾಡ. ಮೂರು ತಿಂಗಳಿಗೆ ಅವರು ಏನು ಮಾಡಿದ್ರು?"

ನನ್ನ ಬಾಯಿ ಸುಮ್ಮನ ಇರಂಗಿಲ್ಲ, ನಾನೇ ಅಂದೆ: "ತಿರುಗಿ ಬಂದು ಅದೇ ಕುರ್ಚಿ ಮ್ಯಾಗ ಕುಂತ್ರು!"

ಎಲ್ಲಾರೂ ನಕ್ಕರು. ವಿರೂಪಣ್ಣಾರು ನಗಲಿಲ್ಲ. ಮೀಸಿ ಮ್ಯಾಲಿನ ಕೈ ಕೆಳಗ ಇಳೀತು.

"ಹೌದಲ್ರೀ" ಅಂದ್ಲು ನಾಗವೇಣಿ. "ಅಮಾನತಾದದ್ದು ಹೋಗಿರಂಗಿಲ್ಲ, ನಿಂತಿರತದ. ತಿರುಗಿ ಬರಬಹುದು. ಈ ಕಾಗದದಾಗ ಏನು ಬರದಾರ ಅಂದ್ರ, 'ಅಪೀಲು ಹಾಕಾಕ ಅನುಕೂಲ ಆಗಲಿ ಅಂತ ಮೂವತ್ತು ದಿನ ಶಿಕ್ಷೆ ನಿಲ್ಲಿಸೀವಿ.' ಮೂವತ್ತೇ ದಿನ! ಇವತ್ತಿಗೆ ಇಪ್ಪತ್ತಾರಾತು. ಬುಧವಾರದ ಒಳಗ ರಾಯಚೂರು ಜಿಲ್ಲಾ ಕೋರ್ಟಿನ್ಯಾಗ ಅಪೀಲು ಹಾಕಿ, ಅಲ್ಲಿಯ ಆದೇಶ ತರಲಿಲ್ಲಂದ್ರ ವಾರಂಟ್ ಬರತದ. ಚನ್ನವೀರಣ್ಣ ಒಂದು ವರ್ಷ ಜೈಲಿನ್ಯಾಗ ಕೂಡಬೇಕಾಗ್ತದ."

ಅನ್ನಮ್ಮಕ್ಕ ಅಲ್ಲೇ ಕುಸದು ಕುಂತ್ಲು. "ಅಯ್ಯೋ ನಮ್ಮವ್ವಾ! ಪೇಡಾ ಹಂಚೀವಲ್ಲಬೇ!"

ವಿರೂಪಣ್ಣಾರಿಗೆ ಇನ್ನೂ ನಂಬಿಕಿ ಬರಲಿಲ್ಲ. "ಹಂಗಿದ್ರ ಜಡ್ಜ್ ಸಾಹೇಬ್ರು ಯಾಕ ಬಿಟ್ರು? ತಪ್ಪು ಮಾಡಿದವನನ್ನ ಯಾರಾದ್ರೂ ಬಿಡ್ತಾರೇನು?"

ಇದಕ್ಕ ನಾಗವೇಣಿ ಬಾಯಿ ತೆಗೆಯೂಕ ಮುಂಚೆ ಮೂಲಿಯೊಳಗ ಕುಂತಿದ್ದ ಬಡೇಬೀ ಮಾತಾಡಿದ್ಲು. ಬಡೇಬೀ ನಮ್ಮ ಓಣಿಯಾಕಿ, ನಮ್ಮ ಸಂಘದಾಗ ಎಲ್ಲಾರಿಗಿಂತ ಹಿರಿಯಾಕಿ.

"ಅರೇ ವಿರೂಪಣ್ಣಾ, ಅಮಾನತ್ ನಮ್ಮ ಉರ್ದು ಮಾತಪ್ಪಾ, ನನ್ನ ಕೇಳು. ನಾನು ಮಗಳ ಬಾಣಂತನಕ್ಕ ಗದ್ವಾಲಕ್ಕ ಹೋಗೋ ಮುಂದ ನನ್ನ ಬೆಳ್ಳಿ ಕಾಲಗಡಗ ಈ ಗೋಪಮ್ಮನ ಕೈಯಾಗ ಕೊಟ್ಟೆ. ಅಮಾನತ್ ಇಟ್ಕೋ ಅಂದೆ. ಐದು ತಿಂಗಳು ಇಟ್ಕೊಂಡಿದ್ಲು. ಆಕಿ ಪೆಟಗಿಯೊಳಗ ಇತ್ತಂತ ಕಡಗ ಆಕೀದಾತೇನು? ನಾ ಬಂದು ಕೇಳಿದ ದಿನ ಕೊಟ್ಲು. ಕೇಳಿದಾಗ ಕೊಡೂದಕ್ಕ ಅಮಾನತ್ ಅಂತಾರ. ಬಿಟ್ಟುಕೊಟ್ರ ಅದಕ್ಕ ಮಾಫ್ ಅಂತಾರ. ನಿನ್ನ ಮಗನ ಸಜಾ ಮಾಫ್ ಆಗಿಲ್ಲ. ಅಮಾನತ್ ಅದ. ಕೋರ್ಟು ಕೇಳಿದ ದಿನ ನೀವು ಹಾಜರ್ ಆಗಬೇಕು."

ನಾಗವೇಣಿ ಬಡೇಬೀ ಕೈ ಹಿಡಕೊಂಡ್ಲು. "ಮಾ, ನಮ್ಮ ತರಬೇತಿಯೊಳಗ ಎರಡು ತಾಸು ಹೇಳಿದ್ದನ್ನ ನೀವು ಒಂದೇ ಮಾತಿನ್ಯಾಗ ಹೇಳಿದ್ರಿ."

ಆಮ್ಯಾಲ ವಿರೂಪಣ್ಣಾರ ಕಡಿ ತಿರುಗಿದ್ಲು. "ಯಾಕ ಬಿಟ್ರು ಅಂತ ಕೇಳಿದ್ರಿ. ದೇವದುರ್ಗ ಕೋರ್ಟು ಅಪರಾಧಿ ಅಂದ್ರೂ ಮ್ಯಾಲಿನ ಕೋರ್ಟಿಗೆ ಕೇಳೂದು ಚನ್ನವೀರಣ್ಣನ ಹಕ್ಕು. ಅಪೀಲು ಮುಗಿಯೂದಕ್ಕ ವರ್ಷಾನುಗಟ್ಟಲೆ ಹಿಡೀಬಹುದು. ಅಷ್ಟರಾಗ ಜೈಲು ಪೂರಾ ಅನುಭವಿಸಿಬಿಟ್ರ, ನಾಳೆ ಮ್ಯಾಲಿನ ಕೋರ್ಟು 'ಇವಂದು ತಪ್ಪಿಲ್ಲ' ಅಂದ್ರ, ಹೋದ ದಿನ ಯಾರು ತಿರುಗಿ ಕೊಡ್ತಾರ? ಅದಕ್ಕ ಶಿಕ್ಷೆ ನಿಲ್ಲಿಸ್ತಾರ. ಆದ್ರ ನಿಂತಿದ್ದು ಶಿಕ್ಷೆ ಅಷ್ಟ. ಅಪರಾಧಿ ಅನ್ನೂ ತೀರ್ಪು ಹಂಗ ಅದ."

ಅಕ್ಕಂದಿರಾ, ಆ ಮನಿ ಹೊಲದಾಗ ನಾನು ಇಪ್ಪತ್ತು ವರ್ಷ ಕಳೇವು ತಗದೀನಿ. ಕೂಲಿ ಇಸ್ಕೊಳಾಕ ಬಂದ್ರ ಅಂಗಳದಾಗ ನಿಂದರತಿದ್ದೆ. ಅವತ್ತು ಅದೇ ಮನಿ ಪಡಸಾಲಿಯೊಳಗ ನನ್ನ ಮಗಳು ಕುರ್ಚಿ ಮ್ಯಾಗ ಕುಂತು ಕಾಯ್ದೆ ಹೇಳಾಕತ್ತಿದ್ಲು, ವಿರೂಪಣ್ಣಾರು ನಿಂತು ಕೇಳಾಕತ್ತಿದ್ರು. ನನಗ ಎಷ್ಟು ಹೆಮ್ಮಿ ಆತಂದ್ರ, ಕುಬಸದ ಹುಕ್ಕು ಕಿತ್ತು ಹೋಗ್ತಾವೇನೋ ಅಂತ ಸೆರಗು ಬಿಗಿ ಮಾಡ್ಕೊಂಡೆ.

ವಿರೂಪಣ್ಣಾರು ಮಗನಿಗೆ ಫೋನ್ ಹಚ್ಚಿದ್ರು. ಚನ್ನವೀರ ಆ ಕಡಿಂದ ಅಂದ, "ಅಪ್ಪಾ, ವಕೀಲರು ಅವತ್ತೇ ಅಪೀಲು ಅಪೀಲು ಅಂತಿದ್ರು. ನೀನೇ 'ಮುಗೀತು ಬಾ' ಅಂದಿ. ನೀ ಅಂದ ಮ್ಯಾಲ ನಾ ಏನು ಮಾತಾಡ್ಲಿ?" ವಿರೂಪಣ್ಣಾರು ನಮ್ಮೆಲ್ಲಾರ ಮುಂದನ ಅಂದ್ರು, "ತಪ್ಪು ನಂದಪ್ಪಾ. ತಿಳೀಲಾರದ ತಿಳದವನಂಗ ಮಾತಾಡಿದೆ. ನಾಳಿ ಬಸ್ಸಿಗೆ ಬಾ." ದೊಡ್ಡ ಮನಷ್ಯಾ ಹಂಗ ಒಪ್ಪಿಕೊಂಡಿದ್ದು ನನಗ ಭಾಳ ಇಷ್ಟ ಆತು.

ಐತವಾರ ಚನ್ನವೀರ ಮಾನವಿಯಿಂದ ಬಂದ. ಸೋಮವಾರ ಮುಂಜಾನಿ ಎಲ್ಲಾರೂ ರಾಯಚೂರಿಗೆ ಹೊಂಟಿವಿ. ನಾನೂ ಹೊಂಟೆ. "ನಿಂದೇನು ಕೆಲಸ ಬೇ ಅಲ್ಲಿ?" ಅಂದ್ಲು ನಾಗವೇಣಿ. "ನನ್ನ ಮಗಳು ಕೋರ್ಟಿನ್ಯಾಗ ಹೆಂಗ ಓಡಾಡ್ತಾಳ ನೋಡಬೇಕು" ಅಂದೆ.

ಕೋರ್ಟಿನ ಆವರಣದಾಗ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಕರಕೊಂಡು ಹೋದ್ಲು. ಬಾಗಿಲ ಮುಂದ ವಿರೂಪಣ್ಣಾರು ಹಿಂದ ಸರದ್ರು. "ಪುಗಸಟ್ಟೆ ವಕೀಲ ಅಂದ್ರ ಮನಸ್ಸಿಟ್ಟು ವಾದ ಮಾಡ್ತಾನೇನವ್ವಾ? ಮಂದಿ ಏನಂತಾರ?"

"ಇದು ಪುಗಸಟ್ಟೆ ಅಲ್ರೀ, ಹಕ್ಕು. ಸರಕಾರಿ ಸಾಲಿಗೆ ಮಕ್ಕಳನ್ನ ಕಳಸಾಕ ನಾಚಿಕಿ ಪಟ್ಟೀರೇನು? ಅಲ್ಲೇ ಓದಿದಾಕಿ ನಾನು."

ವಿರೂಪಣ್ಣಾರು ಒಳಗ ನಡದ್ರು. ಇಷ್ಟು ವರ್ಷ ವಕೀಲರಿಗೆ ಕೊಟ್ಟು ಕೈ ಖಾಲಿ ಆಗಿತ್ತು; ಐದೆಕರೆ ಹೊಲದವರು, ಆದಾಯದ ಮಿತಿಯೊಳಗ ಇದ್ರು. ಅರ್ಜಿ ಬರದ್ರು, ಒಬ್ಬ ವಕೀಲಮ್ಮನ್ನ ಕೊಟ್ರು. ಆಕಿ ಕಾಗದ ಎರಡು ಸಲ ಓದಿ, ಚನ್ನವೀರನ್ನ ನೂರು ಪ್ರಶ್ನಿ ಕೇಳಿ, ಅವತ್ತೇ ಅಪೀಲು ಹಾಕಿದ್ಲು. ಅದರ ಕೂಡ ಶಿಕ್ಷೆ ಅಮಾನತು ಮುಂದುವರಿಸಬೇಕು ಅಂತ ಇನ್ನೊಂದು ಅರ್ಜಿ. ಇದನ್ನ ನೆನಪಿಡ್ರಿ. ಅಪೀಲು ಹಾಕಿದ ಕೂಡಲೇ ಶಿಕ್ಷೆ ತಾನಾಗೇ ನಿಲ್ಲಂಗಿಲ್ಲ, ಬ್ಯಾರೆ ಕೇಳ್ಕೋಬೇಕು.

ಮಂಗಳವಾರ ಆದೇಶ ಆತು. ಅಪೀಲು ಮುಗಿಯೋ ತನಕ ಶಿಕ್ಷೆ ಅಮಾನತು. ಆದ್ರ ಷರತ್ತು ಇದ್ವು. ದಂಡ ಕಟ್ಟಬೇಕು. ಕರದ ತಾರೀಖಿಗೆ ಹಾಜರ್ ಇರಬೇಕು. ಇನ್ನೊಂದು ತಂಟಿ ಮಾಡಬಾರದು. ಕೇಳಲಾರದ ಜಿಲ್ಲಾ ಬಿಟ್ಟು ಹೋಗಬಾರದು. ಇಬ್ಬರು ಜಾಮೀನುದಾರರು ಬೇಕು.

ಒಬ್ಬರು ವಿರೂಪಣ್ಣಾರೇ ನಿಂತ್ರು. ಎರಡನೇದವನು ಮಾನವಿಯ ಸೋದರಮಾವ. "ಬರ್ತೀನಿ, ಬಂದೆ, ದಾರಿಯೊಳಗ ಅದೀನಿ" ಅಂದ. ಸಂಜಿಗೆ ಫೋನ್ ಬಂದ್ ಆತು. ಬುಧವಾರ ಮುಂಜಾನಿನೂ ಬಂದ್. ಅದೇ ಕಡೀ ದಿನ. ಅನ್ನಮ್ಮಕ್ಕ ಕೋರ್ಟಿನ ಬೇವಿನ ಗಿಡದ ಕೆಳಗ ಕುಂತು ಅಳಾಕತ್ತಿದ್ಲು. ವಿರೂಪಣ್ಣಾರು ಹತ್ತು ಮಂದಿಗೆ ಫೋನ್ ಮಾಡಿದ್ರು. ಪೇಡಾ ತಿಂದವರು ಹತ್ತೂ ಮಂದಿ ಒಂದೊಂದು ನೆಪ ಹೇಳಿದ್ರು.

ನನ್ನ ಹೆಸರಲೇ ಎರಡೆಕರೆ ಹೊಲ ಅದ್ರೀ. ಕೂಲಿ ಮಾಡಿ, ಹೊಟ್ಟಿ ಕಟ್ಟಿ ತಗೊಂಡದ್ದು. ನಮ್ಮ ಮನಿತನದಾಗ ಹೆಣ್ಮಗಳ ಹೆಸರಲೇ ಪಹಣಿ ಆದದ್ದು ನಂದೇ ಮೊದಲು.

"ಜಾಮೀನಿಗೆ ನಾನೇ ನಿಂದರಲೇನು?" ಅಂತ ಮಗಳನ್ನ ಕೇಳಿದೆ. ಆಕಿ ಅಂದ್ಲು, "ಯವ್ವಾ, ನಾ ಮಾಡು ಅನ್ನಂಗಿಲ್ಲ, ಬ್ಯಾಡ ಅನ್ನಂಗೂ ಇಲ್ಲ. ಅವ ತಾರೀಖು ತಪ್ಪಿಸಿದ್ರ ಕೋರ್ಟು ನಿನ್ನ ಕೇಳ್ತದ. ಜಾಮೀನಿನ ರೊಕ್ಕ ನೀ ಕಟ್ಟಬೇಕು, ಇಲ್ಲಂದ್ರ ಹೊಲಕ್ಕ ಬರತದ. ತಿಳಕೊಂಡು ಹೇಳು."

ನಾನು ಚನ್ನವೀರನ ಮುಂದ ಹೋಗಿ ನಿಂತೆ. ಆರಡಿ ಆಳು, ನಾನು ಅವನ ಎದಿಗೆ ಬರತೀನಿ.

"ಲೇ ಚನ್ನವೀರಾ, ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಜಂಬಣ್ಣಗ ಹೊಡದದ್ದು ತಪ್ಪೋ ಸರಿಯೋ?"

"ತಪ್ಪು ಚಿಗವ್ವಾ." ಹುಟ್ಟಿದಾಗಿಂದ ನನಗ ಬರೇ ಗೋಪಮ್ಮಾ ಅಂತಿದ್ದಾವ ಅವತ್ತು ಚಿಗವ್ವ ಅಂದ. ಅವನ ಕಣ್ಣಾಗ ನೀರಿತ್ತು.

"ತಾರೀಖು ತಪ್ಪಿಸ್ತೀಯೇನು?"

"ನನ್ನ ಜೀವ ಹೋದ್ರೂ ತಪ್ಪಸಂಗಿಲ್ಲ."

"ಜೀವ ಬ್ಯಾಡಪ್ಪಾ, ಹನ್ನೊಂದು ಗಂಟೇಕ್ಕ ಬಂದ್ರ ಸಾಕು" ಅಂದೆ. ಪಹಣಿ ತಗಸಾಕ ನಾಗವೇಣಿನ್ನ ಕಳಿಸಿದೆ.

ಕೋರ್ಟ್ ಹಾಲಿನ್ಯಾಗ ನನ್ನ ಹೆಸರು ಕೂಗಿದಾಗ ಸೆರಗು ಹೊದ್ದು ಮುಂದ ಹೋಗಿ ನಿಂತೆ. ಜಡ್ಜ್ ಸಾಹೇಬ್ರು ಕೇಳಿದ್ರು, "ಇವರು ನಿಮಗ ಏನಾಗಬೇಕಮ್ಮಾ?"

"ಊರವರ್ರಿ."

"ಜಾಮೀನು ಅಂದ್ರ ಏನು, ಗೊತ್ತದ ಏನು?"

"ಗೊತ್ತದ್ರಿ ಸಾಹೇಬ್ರ. ಇವ ಬರಲಿಲ್ಲಂದ್ರ ನೀವು ನನ್ನ ಹುಡುಕ್ತೀರಿ. ಅದಕ್ಕ ಇವನ್ನ ನಾ ಮೊದಲ ಹುಡುಕಿ ತರತೀನಿ."

ಸಾಹೇಬ್ರು ಕನ್ನಡಕ ಸರಿ ಮಾಡ್ಕೊಂಡ್ರು. ನಗಿ ಮುಚ್ಚಿಕೊಳ್ಳಾಕ ಅಂತ ನನಗ ಅನಿಸ್ತು. ನಾನು ಸಹಿ ಮಾಡಿದೆ. ಹೆಬ್ಬಟ್ಟು ಅಲ್ರೀ, ಸಹಿ! ಸಂಘದಾಗ ಕಲ್ತದ್ದು. ಗೋಪಮ್ಮ ಅಂತ ಒತ್ತಕ್ಷರ ಸಮೇತ ಬರದೆ.

ಮುಂದ ಹನ್ನೊಂದು ತಿಂಗಳು ತಾರೀಖು ನಡದ್ವು. ಕೋರ್ಟು ಕರದಾಗೆಲ್ಲಾ ಚನ್ನವೀರ ಮಾನವಿಯಿಂದ ಬಂದ. ಹಿಂದಿನ ದಿನ ನಾನು ಫೋನ್ ಮಾಡ್ತಿದ್ದೆ, ಅವ "ಹೊಂಟೀನಿ ಚಿಗವ್ವಾ" ಅಂತಿದ್ದ. ಒಂದು ಸಲ ಬಸ್ಸು ದಾರಿಯೊಳಗ ಕೆಟ್ಟು ನಿಂತು, ಹತ್ತಿ ತುಂಬಿದ ಲಾರಿ ಮ್ಯಾಗ ಕುಂತು ಬಂದಿದ್ದ. ಅಂಗಿ, ತಲಿ ಎಲ್ಲಾ ಹತ್ತಿ. ಹಂಗ ನಿಂತು "ಹಾಜರ್ ಅದೀನ್ರಿ" ಅಂದ. ಹೈದರಾಬಾದಿಗೆ ಹೋಗಲಿಲ್ಲ. ಜಂಬಣ್ಣನ ಮನಿಗೆ ಹೋಗಿ ಕೈ ಮುಗದು ಬಂದ. ಜಂಬಣ್ಣ, "ನಾ ಏನೂ ಅನ್ನಂಗಿಲ್ಲ, ಕೋರ್ಟು ಹೇಳಿದಂಗ ಆಗಲಿ" ಅಂದ. ಅದೂ ನ್ಯಾಯದ ಮಾತೇ.

ಹೋದ ತಿಂಗಳು ಅಪೀಲಿನ ತೀರ್ಪು ಬಂತು. ಹೊಡದದ್ದು ಖರೇ, ಅಪರಾಧ ಖರೇ ಅಂತ ಕೋರ್ಟು ಹೇಳ್ತು. ಆದ್ರ ಮೊದಲನೇ ತಪ್ಪು, ಅಮಾನತಿನ ಒಂದು ಷರತ್ತೂ ಮುರದಿಲ್ಲ ಅಂತ ನೋಡಿ ಜೈಲು ಕೊಡಲಿಲ್ಲ. ಒಂದು ವರ್ಷ ಸರಿಯಾಗಿ ನಡಕೋತೀನಿ ಅಂತ ಬಾಂಡ್ ಬರಸ್ಕೊಂಡ್ರು, ಜಂಬಣ್ಣಗ ಪರಿಹಾರ ಕೊಡಿಸಿದ್ರು. ಎಲ್ಲಾರಿಗೂ ಹಿಂಗ ಆಗ್ತದ ಅಂತ ನಾ ಹೇಳಂಗಿಲ್ಲ. ಅಪೀಲು ಸೋತ್ರ ಜೈಲಿಗೆ ಹೋಗಬೇಕಾಗ್ತದ. ಆದ್ರ ಕೇಳಿಸ್ಕೊಳ್ಳೋ ಬಾಗಿಲು ನಮ್ಮ ಹುಡುಗಗ ತೆರದಿತ್ತು. ನನ್ನ ಮಗಳು ನಾಕು ದಿನದಾಗ ಅದನ್ನ ತೆರಸಿದ್ಲು.

ಅವತ್ತು ಕೋರ್ಟಿನ ಗುಮಾಸ್ತರು ನನ್ನ ಕರದು ಅಂದ್ರು, "ಗೋಪಮ್ಮಾರ, ಅಪೀಲಿಗೆ ಕೊಟ್ಟ ನಿಮ್ಮ ಜಾಮೀನು ಇವತ್ತಿಗೆ ಮುಗೀತು." ಗೋಪಮ್ಮಾರ! ಹನ್ನೊಂದು ತಿಂಗಳು ಒಬ್ಬ ಮನಷ್ಯಾನ ಬಿಡುಗಡಿ ನನ್ನ ಹೆಸರಿನ ಮ್ಯಾಗ ನಿಂತಿತ್ತು. ಹೊರಗ ಬಂದ್ರ ವಿರೂಪಣ್ಣಾರು ಯಾರೋ ಗುರುತಿಲ್ಲದವರಿಗೆ ಹೇಳಾಕತ್ತಿದ್ರು: "ಆಕಿ ನಾಗವೇಣಿ, ನಮ್ಮೂರಾಕಿ. ಈಕಿ ಆಕಿ ತಾಯಿ. ಈ ಇಬ್ಬರಿಂದ ನನ್ನ ಮಗ ಉಳದ."

ಈಗ ನಿಮಗ ಹೇಳ್ತೀನಿ, ಕಿವಿಗೊಟ್ಟು ಕೇಳ್ರಿ. ನಿಮ್ಮ ಮನ್ಯಾಗ, ಬಾಜೂ ಮನ್ಯಾಗ ಯಾರಿಗಾದ್ರೂ ಶಿಕ್ಷೆ ಅಮಾನತು ಆತು ಅಂದ್ರ, ಆ ದಿನವೇ ಕೇಳ್ರಿ: ಎಷ್ಟು ದಿನದ ತನಕ? ಷರತ್ತು ಏನು? ಅಪೀಲು ಎಲ್ಲಿ? ಮೂರು ವರ್ಷದೊಳಗಿನ ಸಜಾ ಇದ್ದು, ಮೊದಲಿಂದ ಜಾಮೀನಿನ ಮ್ಯಾಲ ಇದ್ದವರಿಗೆ ಶಿಕ್ಷೆ ಕೊಟ್ಟ ಕೋರ್ಟೇ ಅಪೀಲಿಗೆ ಟೈಮು ಕೊಡ್ತದ. ಅದಕ್ಕಿಂತ ಹೆಚ್ಚು ಸಜಾ ಆದ್ರ ಮ್ಯಾಲಿನ ಕೋರ್ಟಿನ್ಯಾಗ ಕೇಳಬೇಕು. ಟೈಮು ಮೀರಿದ್ರೂ ಮನ್ಯಾಗ ಅಡಗಿ ಕೂಡಬ್ಯಾಡ್ರಿ. ತಡಾ ಯಾಕಾತು ಅಂತ ಕಾರಣ ಹೇಳಿ ಅಪೀಲು ಕೇಳಾಕ ಬರತದ. ವಕೀಲರಿಗೆ ಕೊಡಾಕ ರೊಕ್ಕ ಇಲ್ಲಂದ್ರ ತಾಲೂಕಿನ, ಜಿಲ್ಲಾದ ಕಾನೂನು ಸೇವಾ ಆಫೀಸಿಗೆ ಹೋಗ್ರಿ. ಇಲ್ಲಾಂದ್ರ 15100 ನಂಬರಿಗೆ ಫೋನ್ ಮಾಡ್ರಿ. ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೈಲಿನ್ಯಾಗ ಇದ್ದವರಿಗೆ, ಆದಾಯ ಕಡಿಮಿ ಇದ್ದವರಿಗೆ ಅಲ್ಲಿ ವಕೀಲರು ಸಿಗ್ತಾರ.

ಅದೂ ತಿಳೀಲಿಲ್ಲಂದ್ರ ನಮ್ಮೂರಿಗೆ ಬರ್ರಿ. ಗೋಪಮ್ಮನ ಮನಿ ಯಾವುದು ಅಂತ ಕೇಳ್ರಿ. ಈಗ ಊರಾಗ ಯಾರನ್ನ ಕೇಳಿದ್ರೂ ಎದ್ದು ಬಂದು ತೋರಸ್ತಾರ.